ಗೋಥೆನ್‌ಬರ್ಗಿನ ಹಲಗೆಯ ಮೇಲೆ ದಾಂಡೇಲಿ ಗಾಡಿ ನಂಬರು

ದಾಂಡೇಲಿ

ಸ್ವೀಡನ್ನಿಗೆ ಹೋಗಿ ಬಂದವನು ಎಂದರೆ ನಮ್ಮೂರಲ್ಲಿ ಜನ ಮೊದಲು ಕೇಳುವುದು ಹಿಮದ ಬಗ್ಗೆ. ನಾನು ಹಿಮ ನೋಡಲಿಲ್ಲ. ಅರಮನೆ ನೋಡಲಿಲ್ಲ, ಮ್ಯೂಸಿಯಂ ನೋಡಲಿಲ್ಲ. ಬಸ್ ಸ್ಟಾಪ್ ನೋಡಿದೆ. ಎಂಟು ದಿನ ಬರೀ ಬಸ್ ಸ್ಟಾಪ್. ಅದರಲ್ಲೂ ಅರ್ಧಕ್ಕರ್ಧ ತಿಳಿಯಲಿಲ್ಲ. ತಿಳಿದವನ ಹಾಗೆ ತಲೆಯಾಡಿಸಿ ಬಂದಿದ್ದೇನೆ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಆಗ ನಾನು ದಾಂಡೇಲಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಜಾಲರಿ ಕಿಟಕಿಯ ಹಿಂದೆ ಕುಳಿತು ಬಸ್ಸು ಬಂದ ಹೊತ್ತು, ಹೋದ ಹೊತ್ತು ಬರೆದುಕೊಳ್ಳುವುದು, ಮೈಕಿನಲ್ಲಿ ಕೂಗುವುದು, "ಹಳಿಯಾಳ ಗಾಡಿ ಯಾವಾಗ್ರಿ?" ಎಂದವರಿಗೆಲ್ಲ "ಬಂತು, ಬಂತು" ಎನ್ನುವುದು ನನ್ನ ಕೆಲಸ. ಬಂತು ಎಂದರೆ ಎಲ್ಲಿಗೆ ಬಂತು ಎನ್ನುವುದು ಬಹಳ ಸಲ ನನಗೂ ಗೊತ್ತಿರುತ್ತಿರಲಿಲ್ಲ. ಜೋಯಿಡಾ ದಾಟಿ ಅಣಶಿಯ ಕಾಡು ಹೊಕ್ಕ ಗಾಡಿಯ ಸುದ್ದಿ ತರುವುದಕ್ಕೆ ಯಾವ ಫೋನೂ ಇರಲಿಲ್ಲ. ಎದುರಿನಿಂದ ಬರುವ ಗಾಡಿಯೇ ನಮ್ಮ ಫೋನು. ಘಾಟದಲ್ಲಿ ಎರಡು ಬಸ್ಸು ಎದುರಾದರೆ ಕಿಟಕಿಗೆ ಕಿಟಕಿ ತಾಗಿಸಿ ನಿಲ್ಲುತ್ತವೆ. ಮುಂದೆ ಮರ ಬಿದ್ದಿದೆಯೋ, ಲಾರಿ ಕೆಟ್ಟು ಅಡ್ಡ ನಿಂತಿದೆಯೋ, ಹಿಂದೆ ಯಾವ ಗಾಡಿ ಬರುತ್ತಿದೆಯೋ ಎಲ್ಲ ಅಲ್ಲೇ ಹೇಳಿಕೊಳ್ಳುತ್ತಾರೆ. ಹಾಗೆ ಬಾಯಿಂದ ಬಾಯಿಗೆ ದಾಟಿ ಬಂದ ಸುದ್ದಿ ಕೊನೆಗೆ ನನ್ನ ಜಾಲರಿಗೆ ಬರುತ್ತದೆ. ಕುಳಗಿ ಕಡೆ ಮರ ಬಿದ್ದರೆ ಮಾತ್ರ ಅರಣ್ಯ ಇಲಾಖೆಯವರು ತಮ್ಮ ವಾಯರ್‌ಲೆಸ್ಸಿನಲ್ಲಿ ಕೇಳಿದ್ದನ್ನು ಯಾರದೋ ಕೈಯಲ್ಲಿ ಹೇಳಿ ಕಳಿಸುತ್ತಿದ್ದರು.

ಗೋಥೆನ್‌ಬರ್ಗ್ ಎಂಬ ಊರಲ್ಲಿ ಬಸ್ಸುಗಳಿಗೆಲ್ಲ ವಾಯರ್‌ಲೆಸ್ ಪೆಟ್ಟಿಗೆ ಕೂಡಿಸಿ, ಪ್ರಯಾಣಿಕರಿಗೆ ಬಸ್ಸಿನ ಸುದ್ದಿ ನಿಮಿಷ ನಿಮಿಷಕ್ಕೆ ಕೊಡುವ ಏರ್ಪಾಡು ಮಾಡಿದ್ದರಂತೆ. ಅದನ್ನು ನೋಡಲು ನಾಲ್ಕಾರು ದೇಶದವರನ್ನು ಕರೆದಿದ್ದರು. ಫೋನು ಹತ್ತದ ಕಾಡುದಾರಿಯಲ್ಲಿ ಗಾಡಿ ಓಡಿಸುವ ಒಬ್ಬ ಡ್ರೈವರೂ ಬೇಕು ಎಂದು ಬರೆದಿದ್ದರು. ಹೋಗಬೇಕಾಗಿದ್ದ ಸಾಹೇಬರಿಗೆ ಮಗಳ ಮದುವೆ ಅಡ್ಡ ಬಂತು. ಹೀಗಾಗಿ ನಾನು ಮತ್ತು ಡ್ರೈವರ್ ಗುರುಪಾದಪ್ಪನವರು ಹೊರಟೆವು. ಅವರು ಇಪ್ಪತ್ತು ವರ್ಷಕ್ಕೂ ಮಿಕ್ಕಿ ದಾಂಡೇಲಿಯಿಂದ ಅಣಶಿ ಘಾಟದ ಮೇಲೆ ಹಾಯ್ದು ಕಾರವಾರಕ್ಕೆ ಗಾಡಿ ಹೊಡೆದವರು.

ಮಳಗಿ

ಗುರುಪಾದಪ್ಪನವರ ಊರು ಮುಂಡಗೋಡ ತಾಲೂಕಿನ ಮಳಗಿ. ಹೊರಡುವ ಮುಂಚೆ ಊಟಕ್ಕೆ ಬರಲೇಬೇಕು ಎಂದು ಕರೆದರು. ಅವರ ಹೆಂಡತಿ ನೀಲವ್ವ ಎಂಟು ದಿನಕ್ಕಾಗುವಷ್ಟು ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಕಟ್ಟಿಟ್ಟಿದ್ದರು. ಗಂಟನ್ನು ಗಂಡನ ಕೈಗೆ ಕೊಡದೆ ನನ್ನ ಕೈಗೇ ಕೊಟ್ಟರು. ಗುರುಪಾದಪ್ಪನವರಿಗೆ ಸಕ್ಕರೆ ಕಾಯಿಲೆ ಗೊತ್ತಾಗಿ ವರ್ಷವಾಗಿರಲಿಲ್ಲ. ಬೆಳಿಗ್ಗೆ ಗುಳಿಗಿ ತೆಗೆದುಕೊಂಡರೆ ಮಧ್ಯಾಹ್ನ ಒಂದರೊಳಗೆ ಉಣ್ಣಲೇಬೇಕು. ತಪ್ಪಿದರೆ ಕೈಕಾಲು ನಡುಗಿ, ಬೆವರು ಕಿತ್ತು, ಕಣ್ಣು ಕತ್ತಲೆ ಬರುತ್ತದೆ. ಒಂದು ಸಲ ಮನೆಯಲ್ಲೇ ಹಾಗಾಗಿ ಬಿದ್ದಿದ್ದರು.

"ಒಬ್ಬರ್ನ ಎಲ್ಲೂ ಬಿಡಬ್ಯಾಡ್ರಿ," ಎಂದರು ನೀಲವ್ವ. "ಗಾಡಿ ಮ್ಯಾಲೆ ಕುಂತ್ರ ಅಷ್ಟ ಅವರಿಗೆ ದಾರಿ ತಿಳೀತೈತಿ. ನಡಕೋತ ಹೊಂಟ್ರ ಬಾಜೂ ಓಣಿನೂ ತಪ್ಪಸ್ತಾರ."

ಗುರುಪಾದಪ್ಪನವರು ಮೀಸೆಯಲ್ಲೇ ನಕ್ಕರು. ನಾನು ದೊಡ್ಡ ಮನುಷ್ಯನ ಹಾಗೆ, ನೀವು ನಿಶ್ಚಿಂತೆಯಿಂದ ಇರಿ, ಅವರನ್ನು ಕಣ್ಣಲ್ಲಿಟ್ಟುಕೊಂಡು ನೋಡಿಕೊಳ್ಳುತ್ತೇನೆ ಎಂದೆ.

ಗೋಥೆನ್‌ಬರ್ಗ್, ಮೊದಲ ಸ್ಟಾಪು

ವಿಮಾನದಲ್ಲಿ ಕಳೆದ ಒಂದು ಹಗಲು, ಒಂದು ರಾತ್ರಿಯ ಬಗ್ಗೆ ಬರೆಯುವುದಿಲ್ಲ. ಯಾವುದು ಹಗಲು, ಯಾವುದು ರಾತ್ರಿ ಎಂಬುದೇ ನನಗೆ ತಿಳಿಯಲಿಲ್ಲ.

ಗೋಥೆನ್‌ಬರ್ಗಿನ ಸ್ಟಾಪಿನಲ್ಲಿ ಜನ ಒಬ್ಬರಿಗೊಬ್ಬರು ಒಂದೊಂದು ಮಾರು ದೂರ ನಿಲ್ಲುತ್ತಾರೆ. ಏನಾದರೂ ಜಗಳವಾಗಿದೆಯೇನೋ ಎಂದು ಮೊದಲು ಅನಿಸಿತು. ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಗುರುಪಾದಪ್ಪನವರು ರೂಢಿಯಂತೆ ಒಬ್ಬ ಅಜ್ಜನ ಪಕ್ಕಕ್ಕೆ ಹೋಗಿ ನಿಂತು, "ಯಾವ ಕಡೆ ಹೊಂಟ್ರಿ?" ಎನ್ನುವಂತೆ ಗದ್ದ ಎತ್ತಿದರು. ಅಜ್ಜ ನಮ್ರವಾಗಿ ನಕ್ಕು ಎರಡು ಹೆಜ್ಜೆ ಸರಿದ. ಇವರೂ ಎರಡು ಹೆಜ್ಜೆ ಸರಿದರು. ಹೀಗೆ ಇಬ್ಬರೂ ಸರಿಯುತ್ತ ಸರಿಯುತ್ತ ಸ್ಟಾಪಿನ ಆಚೆ ತುದಿ ಮುಟ್ಟಿದರು. ನಾನು ಹೋಗಿ ತೋಳು ಹಿಡಿದು ಕರೆದು ತಂದೆ.

ಅಲ್ಲಿ ಕಂಟ್ರೋಲರ್ ಇಲ್ಲ. ಜಾಲರಿ ಇಲ್ಲ, ಮೈಕಿಲ್ಲ. ಒಂದು ಕರಿ ಹಲಗೆ ಇದೆ, ಅದರ ಮೇಲೆ ಬೆಳಕಿನ ಅಕ್ಷರ. ಇಂಥ ನಂಬರಿನ ಬಸ್ಸು ಇನ್ನು ನಾಲ್ಕು ನಿಮಿಷಕ್ಕೆ ಬರುತ್ತದೆ ಎನ್ನುತ್ತದೆ. ಆಮೇಲೆ ಮೂರು, ಆಮೇಲೆ ಎರಡು. ಒಂದಕ್ಕೆ ಇಳಿಯುವಷ್ಟರಲ್ಲಿ ಬಸ್ಸು ತಿರುವಿನಲ್ಲಿ ಮೂತಿ ತೋರಿಸುತ್ತದೆ. ವರ್ಷಗಟ್ಟಲೆ ನಾನು ಬಂತು ಬಂತು ಎಂದು ಹೇಳಿ ಬೈಸಿಕೊಂಡ ಕೆಲಸವನ್ನು ಈ ಹಲಗೆ ತುಟಿಪಿಟಕ್ಕೆನ್ನದೆ ಮಾಡುತ್ತಿತ್ತು.

ನಮ್ಮನ್ನು ನೋಡಿಕೊಳ್ಳಲು ಕರೀನ್ ಎಂಬ ಎಂಜಿನಿಯರ್ ಬಂದಿದ್ದರು. ಐವತ್ತರ ಆಸುಪಾಸು, ಸೈಕಲ್ ಮೇಲೆ ಓಡಾಡುವ ಹೆಂಗಸು. ಗುರುಪಾದಪ್ಪನವರು ಅವರನ್ನು ಶಾಲೆ ಟೀಚರಿಗೆ ಅನ್ನುವ ಹಾಗೆ 'ಅಕ್ಕಾರು' ಎಂದೇ ಕರೆದರು. ಬಸ್ಸಿನೊಳಗಿನ ಪೆಟ್ಟಿಗೆ ತಾನೆಲ್ಲಿದ್ದೇನೆ ಎಂದು ರಸ್ತೆ ಬದಿಯ ಕಂಬಕ್ಕೆ ಹೇಳುತ್ತದೆ, ಕಂಬ ನಿಯಂತ್ರಣ ಕೋಣೆಗೆ ಹೇಳುತ್ತದೆ, ಕೋಣೆ ಹಲಗೆಗೆ ಹೇಳುತ್ತದೆ ಎಂದು ಅವರು ವಿವರಿಸಿದರು. ಬಸ್ಸು ತಡವಾಗಿದ್ದರೆ ಪೆಟ್ಟಿಗೆ ಸಿಗ್ನಲ್ ದೀಪವನ್ನೂ ಕೇಳಿಕೊಂಡು ಹಸಿರು ಮಾಡಿಸುತ್ತದಂತೆ. ಯಾರು ಯಾರಿಗೆ ಹೇಳಿದರು ಎಂಬುದರಲ್ಲಿ ನನ್ನ ತಲೆ ಗಿರಗಿರ ತಿರುಗಿತು. ಗುರುಪಾದಪ್ಪನವರಿಗೆ ಮಾತ್ರ ಒಂದೇ ಏಟಿಗೆ ತಿಳಿಯಿತು.

"ಎದುರಿನ ಗಾಡಿ ನಿಲ್ಲಿಸಿ ನಾವು ಕೇಳ್ತೀವಲ್ರಿ, ಅದನ್ನ ಈ ಡಬ್ಬಿ ಮಾಡ್ತೈತಿ. ನಿಲ್ಲೂದಿಲ್ಲ, ಅಷ್ಟ," ಎಂದರು.

ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಕರೀನ್ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ನಾನು ಹೇಳಿದ್ದೊಂದನ್ನೂ ಅವರು ಬರೆದುಕೊಂಡಿರಲಿಲ್ಲ ಎಂಬುದು ಆಗ ನನ್ನ ಗಮನಕ್ಕೆ ಬಂತು.

ಎರಡನೆಯ, ಮೂರನೆಯ ದಿನ

ಬಸ್ಸಿನಲ್ಲಿ ಕಂಡಕ್ಟರ್ ಇಲ್ಲದ್ದು ಗುರುಪಾದಪ್ಪನವರಿಗೆ ಸಹಿಸಲಾಗದ ಸಂಕಟ. ಎರಡು ಸಲ ಗಂಟೆ ಹೊಡೆಯದೆ, "ರೈಟ್" ಎನ್ನದೆ ಗಾಡಿ ಹೇಗೆ ಕದಲುತ್ತದೆ? ಪ್ರತಿ ಸ್ಟಾಪಿನಲ್ಲೂ ಹಿಂದಕ್ಕೆ ತಿರುಗಿ ಬಾಗಿಲು ನೋಡುತ್ತಿದ್ದರು. ಮುದುಕಿಯೊಬ್ಬಳು ಪೂರ್ತಿ ಹತ್ತಿದಳೋ ಇಲ್ಲವೋ ಎಂದು ಎದ್ದು ನಿಂತು ನೋಡಿ, ಆಮೇಲೆ ಡ್ರೈವರಿಗೆ ಕೈಸನ್ನೆ ಮಾಡುತ್ತಿದ್ದರು. ಡ್ರೈವರ್ ಮೊದಮೊದಲು ಗಾಬರಿಗೊಂಡ. ಮೂರನೆಯ ದಿನ ಅದೇ ಡ್ರೈವರ್ ಸಿಕ್ಕಾಗ ಇವರ ಸನ್ನೆಗೆ ಕಾದು ಗಾಡಿ ಬಿಟ್ಟ.

ನಾನು ಮಾಡಿದ ಫಜೀತಿಯೂ ಕಡಿಮೆಯಲ್ಲ. ಅಂಗಡಿಯಲ್ಲಿ ಬ್ರೆಡ್ ಕೊಳ್ಳಲು ಹೋಗಿ ಎಲ್ಲರಿಗಿಂತ ಮುಂದೆ ಕೈ ಚಾಚಿದೆ. ಒಬ್ಬ ಹುಡುಗಿ ಗೋಡೆಯ ಯಂತ್ರ ತೋರಿಸಿದಳು. ಅದರಿಂದ ನಂಬರಿನ ಚೀಟಿ ಹರಿದುಕೊಂಡು ಪಾಳಿಗೆ ಕಾಯಬೇಕಂತೆ. ಹರಿದುಕೊಂಡೆ, ಕಾದೆ, ನನ್ನ ನಂಬರು ಬಂದಾಗ ಚೀಟಿಯನ್ನೇ ನೋಡುತ್ತ ನಿಂತು ಪಾಳಿ ತಪ್ಪಿಸಿಕೊಂಡೆ. ಮತ್ತೆ ಚೀಟಿ ಹರಿದೆ. ಹಲಗೆಯಲ್ಲಿ ನಂಬರು ಬೀಳುತ್ತದೆ, ಅದಕ್ಕೆ ತಕ್ಕಂತೆ ಮನುಷ್ಯ ಏಳುತ್ತಾನೆ, ನಡೆಯುತ್ತಾನೆ. ಎಲ್ಲೆಲ್ಲೂ ಅದೇ.

ಸಂಜೆ ಹೋಟೆಲ್ ಕೋಣೆಯಲ್ಲಿ ಕರೀನ್ ಅವರಿಗೂ ಕಡಕ್ ರೊಟ್ಟಿ ಕೊಟ್ಟೆವು. ತಮ್ಮಲ್ಲೂ ಇಂಥದೇ ಒಣ ರೊಟ್ಟಿ ಉಂಟು ಎಂದು ಕಟಕಟ ಕಡಿದು ತಿಂದರು. ಶೇಂಗಾ ಚಟ್ನಿ ಎರಡು ಸಲ ಹಾಕಿಸಿಕೊಂಡು, ಮೂಗು ಒರೆಸಿಕೊಳ್ಳುತ್ತಲೇ ಮೂರನೆಯ ಸಲಕ್ಕೆ ತಟ್ಟೆ ಒಡ್ಡಿದರು.

ನಾಲ್ಕನೆಯ ದಿನ

ಅವತ್ತು ನಿಯಂತ್ರಣ ಕೋಣೆ ನೋಡುವ ದಿನ. ಕರೀನ್ ಅಲ್ಲಿಗೇ ಬನ್ನಿ ಎಂದಿದ್ದರು. ಹೋಟೆಲಿನ ಮುಂದೆಯೇ ಬಸ್ಸು, ಆ ಕಟ್ಟಡದ ಮುಂದೆಯೇ ಸ್ಟಾಪು, ದಾರಿ ತಪ್ಪುವ ಪ್ರಶ್ನೆಯೇ ಇರಲಿಲ್ಲ. ರೊಟ್ಟಿ ಗಂಟು ನನ್ನ ಹೆಗಲ ಚೀಲದಲ್ಲಿ. ಇಬ್ಬರ ಪಾಸ್‌ಪೋರ್ಟು, ಹೋಟೆಲಿನ ಎರಡೂ ಕಾರ್ಡು ಅದೇ ಚೀಲದಲ್ಲಿ. ಜೋಪಾನವಾಗಿರಲಿ ಎಂದು ನಾನೇ ಇಸಿದುಕೊಂಡಿದ್ದೆ.

ನಮ್ಮ ಸ್ಟಾಪು ಬಂದಾಗ ನಡುಬಾಗಿಲಿನಲ್ಲಿ ನಾನು ಇಳಿದೆ. ಹನ್ನೊಂದೂವರೆ ಆಗಿತ್ತು. ಹಲಗೆಯ ಮೇಲೆ ಮುಂದಿನ ಬಸ್ಸಿಗೆ ಆರು ನಿಮಿಷ ಎಂದಿತ್ತು. ಅದನ್ನು ಓದುತ್ತ ನಿಂತೆ. ಗುರುಪಾದಪ್ಪನವರು ಮುಂದೆ, ಡ್ರೈವರನ ಕೈ ನೋಡುತ್ತ ಕುಳಿತಿದ್ದವರು, ನನ್ನ ಹಿಂದೆಯೇ ಇಳಿದಿರುತ್ತಾರೆ ಎಂದುಕೊಂಡೆ. ತಿರುಗಿ ನೋಡುವಷ್ಟರಲ್ಲಿ ಬಾಗಿಲು ಮುಚ್ಚಿ ಬಸ್ಸು ಕದಲಿತ್ತು. "ಹೋಲ್ಡಾನ್! ಹೋಲ್ಡಾನ್!" ಎಂದು ಕೂಗುತ್ತ ಓಡಿ ಬಸ್ಸಿನ ಬದಿಗೆ ದಬದಬ ಬಡಿದೆ. ನಮ್ಮಲ್ಲಿ ಬಸ್ಸಿಗೆ ಹಾಗೆ ಬಡಿದರೆ ಎಂಥ ಡ್ರೈವರೂ ನಿಲ್ಲಿಸುತ್ತಾನೆ. ಇದು ಇನ್ನೂ ಜೋರಾಗಿ ಹೋಯಿತು. ಸ್ಟಾಪಿನ ಜನ ನನ್ನಿಂದ ಇನ್ನೊಂದು ಮಾರು ದೂರ ಸರಿದರು.

ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೋದ ಬಸ್ಸು ತಿರುಗಿ ಇದೇ ದಾರಿಯಲ್ಲಿ ಬರಲೇಬೇಕಲ್ಲ, ಬಂದಾಗ ಇಳಿಸಿಕೊಂಡರಾಯಿತು ಎಂದು ರಸ್ತೆ ದಾಟಿ ಆಚೆ ಸ್ಟಾಪಿನಲ್ಲಿ ನಿಂತೆ. ಅದೇ ನಂಬರಿನ ಬಸ್ಸು ಒಂದು ಬಂತು, ಇಣುಕಿದೆ, ಇಲ್ಲ. ಇನ್ನೊಂದು ಬಂತು, ಇಲ್ಲ. ಮೂರು, ನಾಲ್ಕು. ಹಲಗೆ ನಿಮಿಷಗಳನ್ನು ಸರಿಯಾಗಿಯೇ ಹೇಳುತ್ತಿತ್ತು, ಗುರುಪಾದಪ್ಪನವರ ಬಗ್ಗೆ ಏನೂ ಹೇಳುತ್ತಿರಲಿಲ್ಲ. ಹನ್ನೆರಡೂವರೆ ಆಯಿತು. ಒಂದರೊಳಗೆ ಅವರು ಉಣ್ಣಬೇಕು. ಅವರ ಬಳಿ ತಿನ್ನುವುದಕ್ಕೆ ಏನೂ ಇಲ್ಲ, ಕಾಸಿಲ್ಲ, ಫೋನಿಲ್ಲ, ಇಂಗ್ಲಿಷಿಲ್ಲ.

ನಿಯಂತ್ರಣ ಕೋಣೆ

ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಕರೀನ್ ಮುಂದೆ ನಿಂತೆ. ಗೋಡೆ ತುಂಬ ಊರಿನ ನಕ್ಷೆ, ಅದರ ಮೇಲೆ ಇರುವೆ ಸಾಲಿನ ಹಾಗೆ ಹರಿದಾಡುವ ಚುಕ್ಕೆಗಳು. ಒಂದೊಂದು ಚುಕ್ಕೆ ಒಂದೊಂದು ಬಸ್ಸು. ಇವುಗಳಲ್ಲಿ ಯಾವುದು, ಗಾಡಿ ನಂಬರ್ ಏನು ಎಂದು ಕರೀನ್ ಕೇಳಿದರು.

ನಾನು ನೋಡಿರಲಿಲ್ಲ. ಜಾಲರಿಯ ಮುಂದೆ ಬಂದು, ಚೀಲ ಬಸ್ಸಿನಲ್ಲೇ ಬಿಟ್ಟೆನೆಂದು ಅಳುವವರನ್ನು ದಿನವೂ ಗದರಿಸುವವನು ನಾನು. ಗಾಡಿ ನಂಬರ್ ನೋಡೂದಿಲ್ಲೇನ್ರಿ, ಕೆಂಪು ಬಸ್ಸು ಅಂದ್ರ ಯಾವುದಂತ ಹುಡುಕೂದು ಎಂದು ಎಷ್ಟು ಜನರಿಗೆ ಬೈದಿಲ್ಲ. ಈಗ ನನ್ನ ಬಾಯಿಂದ ಬಂದದ್ದು, "ನೀಲಿ ಬಸ್ಸು."

ಅಲ್ಲಿ ಇನ್ನೊಂದು ತೊಡಕಿತ್ತು. ಕೊನೆಯ ಸ್ಟಾಪು ಮುಟ್ಟಿದ ಬಸ್ಸು ಕೆಲವು ಸಲ ಹಣೆಯ ನಂಬರು ಬದಲಿಸಿಕೊಂಡು ಬೇರೆ ದಾರಿ ಹಿಡಿಯುತ್ತದಂತೆ, ಡ್ರೈವರೂ ಬದಲಾಗುತ್ತಾನಂತೆ. ಹೀಗಾಗಿ ಗುರುಪಾದಪ್ಪನವರು ಊರಿನ ಯಾವ ಮೂಲೆಯಲ್ಲಾದರೂ ಇರಬಹುದಿತ್ತು. ಕಂದು ಬಣ್ಣದ ಕೋಟು, ಬಿಳಿ ಮೀಸೆ ಎಂದು ಎಲ್ಲ ಡ್ರೈವರುಗಳಿಗೂ ರೇಡಿಯೋದಲ್ಲಿ ಹೇಳಿದರು. ಅಂಥವರೊಬ್ಬರು ಬಂದರಿನ ಸ್ಟಾಪಿನಲ್ಲಿ ಇಳಿದರು ಎಂದು ಒಬ್ಬ ಡ್ರೈವರ್ ಹೇಳಿದ. ಕಾರು ಕಳಿಸಿದರು. ಅಲ್ಲಿ ಸಿಕ್ಕವರು ಪೇಪರ್ ಓದುತ್ತ ಕುಳಿತ ತುರ್ಕಿ ದೇಶದ ತಾತ. ಅವರಿಗೆ ಮೊಮ್ಮಗಳ ಮನೆಗೆ ಹೋಗಬೇಕಾಗಿತ್ತೇ ಹೊರತು ನಮ್ಮ ಬಳಿ ಬರುವ ಯಾವ ಆಸೆಯೂ ಇರಲಿಲ್ಲ.

ಗಂಟೆ ಒಂದೂಕಾಲು. ಪೊಲೀಸರಿಗೂ ಆಸ್ಪತ್ರೆಗಳಿಗೂ ತಿಳಿಸಿದ್ದಾಯಿತು. ಎಲ್ಲೋ ಒಂದು ಸ್ಟಾಪಿನ ಬೆಂಚಿನ ಮೇಲೆ ಅವರು ಬೆವರಿಕೊಂಡು ಒರಗಿದ ಹಾಗೆ, ಒಂದು ಮಾರು ದೂರ ನಿಂತ ಜನ ನಿದ್ದೆ ಮಾಡುತ್ತಿದ್ದಾರೆ ಎಂದುಕೊಂಡ ಹಾಗೆ ನನಗೆ ಕಣ್ಣಿಗೆ ಕಟ್ಟಿತು. ನಾನು ಅಳತೊಡಗಿದೆ. ಹೇಳಿಕೊಳ್ಳಲು ನಾಚಿಕೆಯಿಲ್ಲ.

ಆಗ ಕರೀನ್, ಬಸ್ಸಿನೊಳಗಿನ ಪರದೆಗಳ ಮೇಲೂ ಸ್ಟಾಪಿನ ಹಲಗೆಗಳ ಮೇಲೂ ಒಂದು ಸಾಲು ಹಾಕಬಹುದು, ಏನು ಬರೆಯಲಿ ಎಂದರು. ಹೆಸರು ಬರೆದರೆ ಆಗದು, ಅವರಿಗೆ ಕನ್ನಡ ಬಿಟ್ಟು ಬೇರೆ ಅಕ್ಷರ ಬಾರದು. ಹಲಗೆಗೆ ಕನ್ನಡ ಬಾರದು. ಆದರೆ ಅವರಿಗೆ ಇಂಗ್ಲಿಷ್ ಅಂಕಿ ಬರುತ್ತದೆ, ಡ್ರೈವರ್ ಅಲ್ಲವೇ. ನಮ್ಮಲ್ಲಿ ಡ್ರೈವರನ್ನು ಯಾರೂ ಹೆಸರಿನಿಂದ ಕರೆಯುವುದಿಲ್ಲ. ಗಾಡಿ ನಂಬರಿನ ಕೊನೆಯ ನಾಲ್ಕು ಅಂಕಿ ಹಿಡಿದು, ಇಂಥ ಗಾಡಿಯ ಡ್ರೈವರ್ ಕಂಟ್ರೋಲರ್ ಕಡೆ ಬರಬೇಕು ಎಂದು ಮೈಕಿನಲ್ಲಿ ಕೂಗುತ್ತೇವೆ. ಗುರುಪಾದಪ್ಪನವರ ಗಾಡಿ ೧೧೮೬. ಅದನ್ನು ಇಂಗ್ಲಿಷ್ ಅಂಕಿಯಲ್ಲಿ ಬರೆದು ಕೊಟ್ಟೆ. ಬರೀ ಅಂಕಿಯೇ ಎಂದು ಕರೀನ್ ಎರಡು ಸಲ ಕೇಳಿದರು. ಬರೀ ಅಂಕಿ ಎಂದೆ.

ಗೋಥೆನ್‌ಬರ್ಗಿನ ಎಲ್ಲ ಹಲಗೆಗಳ ಮೇಲೆ ನಮ್ಮ ದಾಂಡೇಲಿ ಗಾಡಿಯ ನಂಬರು ಮಿನುಗಿತು. ಎರಡೇ ನಿಮಿಷದಲ್ಲಿ ಫೋನುಗಳು ಬರತೊಡಗಿದವು. ಇದು ಹೊಸ ರೂಟೇ, ಎಲ್ಲಿಗೆ ಹೋಗುತ್ತದೆ ಎಂದು ಜನ ಕೇಳುತ್ತಿದ್ದರು. ಒಬ್ಬ ಹೆಂಗಸು ಸ್ಟಾಪಿನಲ್ಲಿ ಅದಕ್ಕಾಗಿ ಕಾಯುತ್ತಲೂ ನಿಂತಿದ್ದಳಂತೆ.

ಒಂಬತ್ತು ನಿಮಿಷ

ಅಷ್ಟರಲ್ಲಿ ಒಬ್ಬ ಡ್ರೈವರನ ದನಿ ರೇಡಿಯೋದಲ್ಲಿ ಬಂತು. ನನ್ನ ಹಿಂದಿನ ಸೀಟಿನಿಂದ ಒಬ್ಬ ಮನುಷ್ಯ ಎದ್ದು ಬಂದಿದ್ದಾನೆ, ಪರದೆ ತೋರಿಸಿ ತನ್ನ ಎದೆ ಮುಟ್ಟಿಕೊಳ್ಳುತ್ತಿದ್ದಾನೆ, ಅಳುತ್ತಿದ್ದಾನೆ ಎಂದ. ಡ್ರೈವರನ ಬೆನ್ನ ಹಿಂದಿನ ತಡಿಕೆಗೆ ತಾಗಿಯೇ ಕುಳಿತಿದ್ದರಿಂದ ಅವರು ಕನ್ನಡಿಗೆ ಕಂಡಿರಲಿಲ್ಲ. ಎರಡು ಸಲ ನಂಬರು ಬದಲಾಯಿಸಿದ ಆ ಗಾಡಿಯಿಂದ ಅವರು ಇಳಿದೇ ಇರಲಿಲ್ಲ. ಕೋಣೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಅಳುತ್ತಿರುವುದು ಕಳೆದುಹೋದ ಭಯಕ್ಕೆ, ಇಲ್ಲವೇ ಹಸಿವಿಗೆ ಎಂದುಕೊಂಡೆ.

ಕರೀನ್ ಆ ಬಸ್ಸಿಗೆ ದಾರಿಯ ದೀಪಗಳನ್ನೆಲ್ಲ ಹಸಿರು ಮಾಡಿಸಿದರು. ನಾನು ಕೆಳಗಿಳಿದು ಹಲಗೆಯ ಕೆಳಗೆ ನಿಂತೆ. ಒಂಬತ್ತು ಎಂದಿತು. ಎಂಟು ಎಂದಿತು. ಬಸ್ಸು ಬಂದು ನಿಂತಾಗ ಗುರುಪಾದಪ್ಪನವರ ಮುಖ ಬಿಳಿಚಿಕೊಂಡಿತ್ತು, ಕೋಟಿನ ಕಾಲರು ಬೆವರಿನಿಂದ ಒದ್ದೆಯಾಗಿತ್ತು. ನಾನು ಚೀಲಕ್ಕೆ ಕೈ ಹಾಕಿದೆ. ಅವರು ನನ್ನ ಎರಡೂ ತೋಳು ಹಿಡಿದುಕೊಂಡರು.

"ಎಷ್ಟ ಮಂದಿ ಹೋದ್ರರೀ?"

ನನಗೆ ತಲೆಬುಡ ತಿಳಿಯಲಿಲ್ಲ.

"ಸುಳ್ಳ ಹೇಳಬ್ಯಾಡ್ರಿ. ಗಾಡಿ ಎಲ್ಲಿ ಬಿತ್ತು? ಅಣಶಿ ಘಾಟದಾಗೇನು?"

ಆಗ ತಿಳಿಯಿತು. ಡ್ಯೂಟಿಯಲ್ಲಿ ಇಲ್ಲದ ಡ್ರೈವರನ್ನು ಅವನ ಗಾಡಿ ನಂಬರು ಹುಡುಕಿಕೊಂಡು ಬರುವುದು ಒಂದೇ ಕಾರಣಕ್ಕೆ. ಡಿಪೋದಿಂದ ಆಳು ಬಂದು ಬಾಗಿಲಲ್ಲಿ ನಿಂತು ಗಾಡಿ ನಂಬರ್ ಹೇಳಿದನೆಂದರೆ ಮನೆಯವರು ಚಪ್ಪಲಿ ಹುಡುಕುವುದಿಲ್ಲ, ಹಾಗೇ ಓಡುತ್ತಾರೆ. ೧೧೮೬ರ ಮೇಲೆ ಆ ವಾರ ಗುರುಪಾದಪ್ಪನವರೇ ಕೈ ಹಿಡಿದು ಘಾಟ ಕಲಿಸಿದ ಹೊಸ ಡ್ರೈವರ್ ಇದ್ದ. ಗಾಡಿ ಉರುಳಿದೆ, ಆ ಸುದ್ದಿಯನ್ನು ಈ ದೇಶದ ವಾಯರ್‌ಲೆಸ್ಸು ಸಮುದ್ರ ದಾಟಿಸಿ ತನ್ನ ಕಣ್ಣ ಮುಂದೆ ತಂದಿಟ್ಟಿದೆ ಎಂದು ಅವರು ಆ ಪರದೆಯನ್ನು ಓದಿದ್ದರು. ದಾರಿ ತಪ್ಪಿದ್ದು ಅವರಿಗೆ ಒಂದು ವಿಷಯವೇ ಆಗಿರಲಿಲ್ಲ.

"ಏನೂ ಆಗಿಲ್ರಿ, ನಿಮ್ಮನ್ನ ಹುಡುಕಾಕ ನಾನs ಹಾಕ್ಸೇನಿ," ಎಂದೆ. ರೊಟ್ಟಿ ಮುರಿದು ಮುಂದೆ ಹಿಡಿದೆ. ಅವರು ಅದನ್ನು ನೋಡಲೂ ಇಲ್ಲ.

"ಮನಿಯವರಿಗೆ ಮೊದ್ಲ ಹಿಂಗs ಹೇಳ್ತೀರಿ ನೀವು. ಬಾಜೂಕ ನಿಂತು ನಾ ಕೇಳೇನಿ," ಎಂದರು.

ನಿಜ. ನಾನು ಎಷ್ಟೋ ಜನರಿಗೆ ಹಾಗೆ ಹೇಳಿದವನು. ಅವರ ಕೈ ನಡುಗತೊಡಗಿತ್ತು. ಭಯಕ್ಕೋ, ಸಕ್ಕರೆ ಇಳಿದೋ ನನಗೆ ಗೊತ್ತಾಗಲಿಲ್ಲ. ನಾನು ಮತ್ತು ಕರೀನ್ ಆಚೆ ಈಚೆ ಹಿಡಿದುಕೊಂಡು ಮೇಲಕ್ಕೆ ಕರೆದೊಯ್ದೆವು. ಕರೀನ್ ಸಕ್ಕರೆ ಹಾಕಿದ ಚಹಾ ತಂದರೆ ಲೋಟವನ್ನು ಪಕ್ಕಕ್ಕೆ ಸರಿಸಿದರು. ಸುದ್ದಿ ತಿಳಿಯದೆ ಬಾಯಿಗೆ ಏನೂ ಹಾಕುವುದಿಲ್ಲ ಎಂಬ ಹಟ.

ನಿಯಂತ್ರಣ ಕೋಣೆಯಿಂದ ದಾಂಡೇಲಿ ನಿಲ್ದಾಣಕ್ಕೆ ಫೋನು ಹಚ್ಚಿದೆವು. ಅಲ್ಲಿ ಸಂಜೆ ಐದು ದಾಟಿತ್ತು. ನನ್ನ ಕುರ್ಚಿಯಲ್ಲಿ ಕುಳಿತಿದ್ದ ಮಕ್ತುಮಸಾಬರು ಎತ್ತಿದರು. ಎಲ್ಲರಿಗೂ ಕೇಳಲಿ ಎಂದು ಕರೀನ್ ಸ್ಪೀಕರ್ ಹಾಕಿದರು. ೧೧೮೬ ಎಲ್ಲಿದೆ ಎಂದು ಕೇಳಿದೆ. ಕಾರವಾರದಿಂದ ಈಗ ತಾನೇ ಬಂದು ಪ್ಲಾಟ್‌ಫಾರಮಿಗೆ ನಿಂತಿದೆ, ಜನ ಇಳಿಯುತ್ತಿದ್ದಾರೆ ಎಂದರು. ಸ್ವೀಡನ್ನಿನಿಂದ ಅದನ್ನು ಕೇಳುವುದಕ್ಕೆ ಫೋನ್ ಮಾಡಿದಿರಾ ಎಂದು ನಕ್ಕರು ಕೂಡ.

ಗುರುಪಾದಪ್ಪನವರು ಬಗ್ಗಿ ಸ್ಪೀಕರಿಗೆ ಬಾಯಿ ಹಚ್ಚಿದರು. "ಮಕ್ತುಮಸಾಬ್ರ, ಹಾರನ್ ಹೊಡಸ್ರಿ."

ಮಕ್ತುಮಸಾಬರು ರಿಸೀವರನ್ನು ಜಾಲರಿಗೆ ತಾಗಿಸಿದ ಸದ್ದು, ಯಾರನ್ನೋ ಕೂಗಿದ ಸದ್ದು. ಚುಕ್ಕೆಗಳು ಹರಿದಾಡುವ ಆ ದೊಡ್ಡ ಗೋಡೆಯ ಮುಂದೆ ಎಲ್ಲರೂ ಕೆಲಸ ಬಿಟ್ಟು ಕಾದರು. ಆಮೇಲೆ ಬಂತು. ಮೊದಲು ಒಡಕು ದನಿ, ಕೊನೆಯಲ್ಲಿ ಉಬ್ಬಸ ಹತ್ತಿದ ಹಾಗೆ ಎಳೆಯುವ, ೧೧೮೬ರದ್ದೇ ಆದ ಹಾರನ್ನು.

"ಇನ್ನೊಂದ ಸಲ."

ಇನ್ನೊಂದು ಸಲ ಬಂತು. ಗುರುಪಾದಪ್ಪನವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಕುರ್ಚಿ ಎಳೆದುಕೊಂಡು ಕುಳಿತರು. ಕೈಯನ್ನು ನನ್ನ ಕಡೆ ಚಾಚಿ, "ರೊಟ್ಟಿ ಕೊಡ್ರಿ," ಎಂದರು.